ಒಂದು ಪೆನ್ಸಿಲಿನ ದಪ್ಪ

"ಹನ್ನೊಂದು ಮೇಜಿನವರೂ ದಡ್ಡರು, ನಿಮ್ಮ ಕೈಲಿರೋ ಚೀಟಿ ಒಂದೇ ಜಾಣ ಅಂತೀರಾ?" ಎನ್ನುತ್ತ ರೂಲ್ಫ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತ. ಟ್ರ್ಯಾಕ್ಟರ್ ರಿಪೇರಿ ಮಾಡುವವನ ದನಿ. ಮೆಲ್ಲಗೆ ಮಾತಾಡು ಅಂದರೂ ಅವನಿಗೆ ಬರುವುದಿಲ್ಲ. ಮೂಲೆಯ ಮೇಜಿನಲ್ಲಿ ಒಬ್ಬರೇ ಕೂತು ಬಟಾಣಿ ಸೂಪಿಗೆ ಕಪ್ಪು ರೊಟ್ಟಿ ಅದ್ದುತ್ತಿದ್ದ ಮೆನ್ನೋ ಮೇಷ್ಟ್ರ ಕೈ ಅಲ್ಲೇ ನಿಂತಿತು.

ಊಸ್ಟರ್‌ವೀರ್‌ನ ಸಮುದಾಯ ಭವನದಲ್ಲಿ ಪ್ರತಿ ಫೆಬ್ರವರಿಯ ಮೊದಲ ಶನಿವಾರ ಮಧ್ಯಾಹ್ನ ಈ ರಸಪ್ರಶ್ನೆ ನಡೆಯುತ್ತದೆ. ಗೆದ್ದ ಮೇಜಿಗೆ ಕೈಯುದ್ದದ ಒಣ ಸಾಸೇಜು, ಜೊತೆಗೆ ಇನ್ನೊಂದು ಫೆಬ್ರವರಿ ಬರುವವರೆಗೆ ಊರಿಡೀ ಜಂಬ ಕೊಚ್ಚುವ ಹಕ್ಕು. ಜನ ಹೊಡೆದಾಡುವುದು ಜಂಬಕ್ಕಾಗಿಯೇ. ಯಾರೂ ಮೋಸ ಮಾಡಬಾರದೆಂದು ಬಾಗಿಲಲ್ಲೇ ಎಲ್ಲರ ಫೋನನ್ನೂ ಹಾಲಿನ ಬಕೆಟ್ಟಿಗೆ ಹಾಕಿಸಿಕೊಂಡು ಮೇಲೊಂದು ಬಟ್ಟೆ ಮುಚ್ಚಿಡುತ್ತಾರೆ. ಈ ಸಲ ಪ್ರಶ್ನೆ ಕೇಳುವ ಕೆಲಸ ಮಾರ್ಲೂಸ್‌ಗೆ ಬಿದ್ದಿತ್ತು. ಪಶ್ಚಿಮದ ದೊಡ್ಡ ಊರಿನಿಂದ ಬಂದು ಇಲ್ಲಿ ಮನೆ ಕೊಂಡು ಮೂರು ವರ್ಷವಾಗಿದ್ದರೂ ಅವಳಿನ್ನೂ ಊರಿನ ಬಾಯಲ್ಲಿ 'ಹೊಸಬಳು'. ಕೊನೆಯ ಸುತ್ತು ಭೂಗೋಳ. ಅದರಲ್ಲೂ ಕೊನೆಯ ಪ್ರಶ್ನೆ: ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್ ಇರುವುದು ಉತ್ತರ ದ್ವೀಪದಲ್ಲೋ, ದಕ್ಷಿಣ ದ್ವೀಪದಲ್ಲೋ? ಹನ್ನೆರಡು ಮೇಜುಗಳಲ್ಲಿ ಹನ್ನೊಂದು ಮೇಜಿನವರು ದಕ್ಷಿಣ ಎಂದು ಬರೆದಿದ್ದರು. ಮಾರ್ಲೂಸ್ ಚೀಟಿ ನೋಡಿ ಉತ್ತರ ದ್ವೀಪ ಎಂದು ಓದಿದ್ದಳು.

"ನನ್ನ ಚೀಟಿ ಏನ್ ಮಾಡತ್ತೆ? ಪ್ರಪಂಚ ಇರೋದೇ ಹಾಗೆ," ಎಂದಳು ಅವಳು, ನಗಲು ನೋಡುತ್ತ.

"ಪ್ರಪಂಚ ಇಲ್ಲೇ ಇದೆಯಲ್ಲ ನಮ್ಮ ಗೋಡೆ ಮೇಲೆ! ಎಷ್ಟು ದೂರ ಹೋಗ್ಬೇಕು?" ರೂಲ್ಫ್ ನಾಲ್ಕೇ ಹೆಜ್ಜೆಯಲ್ಲಿ ಗೋಡೆಯ ಹತ್ತಿರ ಹೋಗಿ, ಭೂಗೋಳದ ಸುತ್ತಿಗೆಂದು ಮುಚ್ಚಿದ್ದ ಮೇಜುಬಟ್ಟೆಯನ್ನು ಎಳೆದುಹಾಕಿದ.

ಬಟ್ಟೆಯ ಹಿಂದೆ ಮೆನ್ನೋ ಮೇಷ್ಟ್ರ ನಕ್ಷೆ ಇತ್ತು. ಒಂದಾಳು ಕೈ ಚಾಚಿದರೂ ಸಾಲದಷ್ಟು ಅಗಲದ ಕ್ಯಾನ್ವಾಸು. ಎಪ್ಪತ್ತೊಂದನೇ ಇಸವಿಯ ಚಳಿಗಾಲದಲ್ಲಿ ಶಾಲೆಯ ಹಳೇ ನಕ್ಷೆ ಹರಿದುಹೋದಾಗ ಮೇಷ್ಟ್ರೇ ಸಂಜೆಗಳಲ್ಲಿ ಕೂತು ಬರೆದದ್ದು. ಅದರ ಮೇಲೆ ಒಂದೇ ಒಂದು ಹೆಸರಿಲ್ಲ. ನೀಲಿ ಸಮುದ್ರ, ಹಳದಿ ನೆಲ, ಬೇಳೆಕಾಳಿನಷ್ಟು ಕೆಂಪು ಚುಕ್ಕೆಗಳು, ಅಷ್ಟೇ. ಕುರುಡು ನಕ್ಷೆ ಅನ್ನುತ್ತಾರೆ ಅದಕ್ಕೆ. ಮೂವತ್ತೇಳು ವರ್ಷ ಈ ಊರಿನ ಮಕ್ಕಳು ಅದನ್ನು ನೋಡಿಯೇ ಕಲಿತರು. ಪ್ರತಿ ಶುಕ್ರವಾರ ಬೆಳಿಗ್ಗೆ ಚುಕ್ಕೆಯೂ ಇಲ್ಲದ ಖಾಲಿ ಹಾಳೆ ಕೊಟ್ಟು ಮೇಷ್ಟ್ರು ಇಪ್ಪತ್ತು ಹೆಸರು ಕೂಗುತ್ತಿದ್ದರು. ಮಕ್ಕಳು ಇಪ್ಪತ್ತು ಚುಕ್ಕೆ ಇಡಬೇಕು. ಮೇಷ್ಟ್ರು ಬಲು ಕಟ್ಟುನಿಟ್ಟು, ಆದರೆ ಕಟುಕರಲ್ಲ. ಚುಕ್ಕೆ ಆಚೀಚೆ ಒಂದು ಪೆನ್ಸಿಲಿನ ದಪ್ಪದಷ್ಟು ಸರಿದರೆ ಮಾಫಿ. ಪೆನ್ಸಿಲನ್ನು ಹಾಳೆಯ ಮೇಲೆ ಮಲಗಿಸಿ ನೋಡುವರು, ಅದರ ಅಡಿಗೆ ಬಂದರೆ ಸರಿ. ಐದು ವರ್ಷದ ಹಿಂದೆ ಮಕ್ಕಳು ಸಾಲದೆ ಶಾಲೆ ಮುಚ್ಚಿದಾಗ ಬೆಂಚುಗಳನ್ನು ಯಾರು ಯಾರೋ ಒಯ್ದರು. ನಕ್ಷೆ ಮಾತ್ರ ಊರಿನದಾಗಿ ಇಲ್ಲಿಗೆ ಬಂತು.

ರೂಲ್ಫ್ ಬಲತುದಿಯ ಕೆಳಗೆ ಬೆರಳಿಟ್ಟ. ಎರಡು ಹಳದಿ ದ್ವೀಪ. ಕೆಂಪು ಚುಕ್ಕೆ ಕೆಳಗಿನದರ ನೆತ್ತಿಯ ಮೇಲೆ. "ನೋಡಿ. ನಮ್ಮಣ್ಣನೂ ಇಲ್ಲೇ ಇಟ್ಟಿದ್ದ, ನಾನೂ ಇಲ್ಲೇ ಇಟ್ಟಿದ್ದೆ, ನನ್ನ ಮಗಳೂ ಇಲ್ಲೇ ಇಟ್ಟಿದ್ದಳು."

"ಬಕೆಟ್ಟಿಂದ ಒಂದು ಫೋನ್ ತೆಗೀಲಾ?" ಎಂದಳು ಮಾರ್ಲೂಸ್.

"ಫೋನ್ ಮುಟ್ಟಬೇಡಿ! ಇಲ್ಲಿ ಮೇಷ್ಟ್ರ ಮಾತೇ ಕೊನೆ. ಏನ್ ಮೇಷ್ಟ್ರೇ, ಬಾಯಿಬಿಡಿ!"

ಭವನದಲ್ಲಿದ್ದ ನೂರು ಮುಖಗಳೂ ಮೂಲೆಯ ಕಡೆ ತಿರುಗಿದವು.

ಆ ಮೂಲೆಯ ಮೇಜಿಗೆ ತೀರ್ಪಿನ ಮೇಜು ಎಂದು ಹೆಸರು. ಅದರ ಮೇಲೊಂದು ಗಂಟೆ, ಮೇಷ್ಟ್ರ ಹಳೇ ಭೂಪಟದ ಪುಸ್ತಕ, ಒಂದು ಪೆನ್ಸಿಲು. ಮೇಷ್ಟ್ರು ನಿವೃತ್ತರಾದ ವರ್ಷ ಅವರನ್ನು ತಮ್ಮ ಮೇಜಿಗೆ ಕರೆದುಕೊಳ್ಳಲು ಎಲ್ಲರೂ ಕಿತ್ತಾಡಿದ್ದರು. ಕರೆದುಕೊಂಡ ಬೇಕರಿಯವರು ಯಾರಿಗೂ ಸಿಗದಷ್ಟು ಅಂಕದಿಂದ ಗೆದ್ದರು. ಮರುವರ್ಷ ಉಳಿದವರು ಕೂಗಾಡಿದರು, ಮೇಷ್ಟ್ರು ಇರೋ ಕಡೆ ಗೆಲುವು ಅಂದ್ರೆ ಆಟ ಯಾಕೆ ಅಂತ. ಅಂದಿನಿಂದ ಅವರಿಗೆ ಬೇರೆ ಮೇಜು, ತೀರ್ಪುಗಾರನ ಪಟ್ಟ. ಗೌರವವೇ ಹೌದು, ಇಲ್ಲ ಎನ್ನುವ ಹಾಗಿಲ್ಲ. ಆದರೆ ಎಂಟು ವರ್ಷದಿಂದ ಅವರು ನೂರು ಜನರ ನಡುವೆ ಒಬ್ಬರೇ ಸೂಪು ಕುಡಿಯುತ್ತಿದ್ದರು. ಮನೆಯಲ್ಲಿ ಒಬ್ಬರೇ ಕುಡಿಯುವುದು ರೂಢಿಯಾಗಿತ್ತು. ಮದುವೆಯಾಗದವನಿಗೆ ಅದು ಲೆಕ್ಕಕ್ಕಿಲ್ಲ. ಇಲ್ಲಿ ಒಬ್ಬರೇ ಕುಡಿಯುವುದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಉತ್ತರ ಗೊತ್ತಿಲ್ಲದೆ ತಲೆಗೆ ತಲೆ ತಾಗಿಸಿ ಪಿಸುಗುಟ್ಟುವವರನ್ನು ಕಂಡಾಗ, ನನಗೂ ಏನೂ ಗೊತ್ತಿರಬಾರದಿತ್ತು ಎಂದು ಅವರಿಗೆ ಅನಿಸಿದ್ದುಂಟು. ಗೊತ್ತಿರುವುದು ಒಂದೇ ತನ್ನ ಆಸ್ತಿ, ಅದೇ ತನ್ನನ್ನು ಮೂಲೆಗೆ ಕೂರಿಸಿತು. ಆ ಆಸ್ತಿಯೂ ಖೋಟಾ ಎಂದಾದರೆ ತನಗೆ ಈ ಊರಲ್ಲಿ ಉಳಿಯುವುದೇನು?

"ಒಂದು ಮೇಜಿನವರು ಸರಿ ಬರೆದಿದ್ದಾರೆ," ಎಂದಳು ಮಾರ್ಲೂಸ್. "ಏಳನೇ ಮೇಜು. ಹಾಗಾದ್ರೆ ಗೆದ್ದಿದ್ದು ಅವರೇ, ಒಂದೇ ಅಂಕದಿಂದ."

ಏಳನೇ ಮೇಜು ರೆನ್ಸ್ಕೆಯದು. ಅವಳ ಜೊತೆ ಕೂತವರೆಲ್ಲ ಗಂಡನ ಊರಿನವರು, ಈ ನಕ್ಷೆಯ ಕೆಳಗೆ ಓದಿದವರಲ್ಲ. ರೂಲ್ಫ್ ಅವಳ ಕಡೆ ತಿರುಗಿ ತೊಡೆ ತಟ್ಟಿಕೊಂಡು ನಕ್ಕ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು.

"ಅಯ್ಯೋ ರೆನ್ಸ್ಕೆ! ಮತ್ತೆ ನಿಮ್ಮತ್ತೆನಾ? ಆವತ್ತೂ ತಪ್ಪು ಮಾಡಿದೆ, ಮೂವತ್ತ್ಮೂರು ವರ್ಷ ಆದ್ರೂ ಬುದ್ಧಿ ಬರ್ಲಿಲ್ವಲ್ಲೇ ನಿಂಗೆ!"

ಹಳಬರೆಲ್ಲ ಗೊಳ್ಳೆಂದರು. ರೆನ್ಸ್ಕೆ ನಗಲಿಲ್ಲ. ಮೇಷ್ಟ್ರ ಕಡೆ ಒಮ್ಮೆ ನೋಡಿ, ತನ್ನ ಚಮಚವನ್ನು ಬಟ್ಟಲಿನ ಪಕ್ಕದಲ್ಲಿ ನೆಟ್ಟಗೆ ಇಟ್ಟುಕೊಂಡಳು.

ಮೇಷ್ಟ್ರಿಗೆ ಆ ಶುಕ್ರವಾರ ಚೆನ್ನಾಗಿ ನೆನಪಿತ್ತು. ಎಂಬತ್ತನಾಲ್ಕನೇ ಇಸವಿ, ಹತ್ತು ವರ್ಷದ ರೆನ್ಸ್ಕೆ, ಹತ್ತೊಂಬತ್ತು ಚುಕ್ಕೆ ಕಣ್ಣಿಗೊತ್ತಿಕೊಳ್ಳುವಂತಿದ್ದವು. ಇಪ್ಪತ್ತನೆಯದಕ್ಕೆ ಅವರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಹುಡುಗಿ ಎದ್ದು ನಿಂತಳು. "ಅಲ್ಲೇ ಇರೋದು ಮೇಷ್ಟ್ರೇ. ನಮ್ಮತ್ತೆ ಫ್ರೌಕೆ ಅಲ್ಲೇ ಇದಾರೆ. ಮನೆ ಕಿಟಕಿಯಿಂದ ಸಮುದ್ರ ಕಾಣತ್ತಂತೆ, ದಕ್ಷಿಣ ದ್ವೀಪಕ್ಕೆ ಹೋಗೋ ಹಡಗು ದಿನಾ ಕಾಣತ್ತಂತೆ." ಮೇಷ್ಟ್ರು ತಲೆ ಎತ್ತದೆ ಹೇಳಿದ್ದರು: "ನಿಮ್ಮತ್ತೆ ಎಲ್ಲಿದಾಳೆ ಅಂತ ಯಾರೂ ಕೇಳಿಲ್ಲ. ವೆಲ್ಲಿಂಗ್ಟನ್ ಎಲ್ಲಿದೆ ಅಂತ ಕೇಳಿದ್ದು." ಇಡೀ ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ರೂಲ್ಫ್. ಹುಡುಗಿ ಕೂತು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಾಲುಚೀಲದೊಳಗೆ, ಮೊಣಕಾಲಿನ ಹತ್ತಿರ ತುರುಕಿಕೊಂಡಳು.

ಅವಳ ಅತ್ತೆ ಎಲ್ಲಿದ್ದಾಳೆಂಬುದೇ ಆ ಹೊತ್ತಿಗೆ ಹದಿನಾರು ವರ್ಷದಿಂದ ಮೇಷ್ಟ್ರ ಎದೆಯಲ್ಲಿ ಮುಳ್ಳಾಗಿ ಕೂತಿದ್ದ ಪ್ರಶ್ನೆ ಎಂದು ಯಾರಿಗೆ ಗೊತ್ತಿತ್ತು?

ಫ್ರೌಕೆ ಹೊರಟದ್ದು ಅರವತ್ತೆಂಟರ ಶರತ್ಕಾಲದಲ್ಲಿ. ಆಗ ಊರೂರಿನಿಂದ ಜನ ಪೆಟ್ಟಿಗೆ ಕಟ್ಟಿಕೊಂಡು ದೂರದ ದೇಶಗಳಿಗೆ ಹೊರಡುತ್ತಿದ್ದ ಕಾಲ. ಇಪ್ಪತ್ತೆರಡರ ಮೆನ್ನೋಗೆ ಶಾಲೆಯ ಕೆಲಸ ಸಿಕ್ಕಿ ವರ್ಷವಾಗಿತ್ತು. ಸಮುದ್ರದ ಕಟ್ಟೆಯ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವಾಗ ಅವಳು ಕೇಳಿದ್ದಳು: "ಬರ್ತೀಯಾ?" ಅವನು, "ನೋಡೋಣ, ಯೋಚನೆ ಮಾಡ್ತೀನಿ" ಅಂದಿದ್ದ. ಅದೇ ಅವನು ಕೊಟ್ಟ ಉತ್ತರ. ಹೆದರಿಕೆ ಅಂತ ಹೇಳಿಕೊಳ್ಳುವಷ್ಟು ಧೈರ್ಯವೂ ಇರಲಿಲ್ಲ. ಹೊರಡುವ ಮೊದಲು ಅವಳು ಅವನ ಭೂಪಟದ ಪುಸ್ತಕವನ್ನು ಎರವಲು ಒಯ್ದಳು, ತಾನು ಹೋಗುವ ಊರು ನೋಡಿಕೊಳ್ಳಲು. ವಾರದ ಮೇಲೆ ಅದನ್ನು ಶಾಲೆಯ ಕಿಟಕಿಯ ಮೇಲೆ ಇಟ್ಟು ಹೋಗಿದ್ದಳು. ಮೆನ್ನೋ ಒಳಗಿದ್ದೂ ಹೊರಗೆ ಬರಲಿಲ್ಲ. ಆಮೇಲೆ ಪ್ರಪಂಚದ ಎಲ್ಲ ಪುಟ ತಿರುವಿದರೂ ಆ ಒಂದು ಪುಟವನ್ನು ಅವನು ತೆರೆಯಲಿಲ್ಲ. ಮೂರು ವರ್ಷದ ಮೇಲೆ ಗೋಡೆಯ ನಕ್ಷೆ ಬರೆಯುವಾಗ ಉಳಿದದ್ದೆಲ್ಲ ಪುಸ್ತಕ ನೋಡಿ ಅಳತೆ ಹಿಡಿದು ಬರೆದ. ಆ ಮೂಲೆ ಬಂದಾಗ ಮಾತ್ರ ನೆನಪಿನ ಮೇಲೆ ಎರಡು ದ್ವೀಪ ಬಳಿದು, ನಡುವಿನ ಜಾಗದ ಹತ್ತಿರ ಎಲ್ಲೋ ಒಂದು ಚುಕ್ಕೆ ಒತ್ತಿ ಕೈ ತೊಳೆದುಕೊಂಡ.

"ಮೇಷ್ಟ್ರೇ, ನಿದ್ದೆ ಬಂತಾ?" ರೂಲ್ಫ್ ಕೂಗಿದ. "ಗಂಟೆ ಹೊಡೆದು ಹೇಳಿಬಿಡಿ, ಸಾಸೇಜು ಒಣಗಿ ಹೋಗ್ತಿದೆ!"

ಮೇಷ್ಟ್ರು ಗಂಟೆ ಮುಟ್ಟಲಿಲ್ಲ. ಪುಸ್ತಕವನ್ನು ಎಳೆದುಕೊಂಡರು. ಕನ್ನಡಕ ಹಾಕಿಕೊಂಡರು, ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಬೆರಳಿಗೆ ಆ ಪುಟ ಎಲ್ಲಿದೆ ಎಂದು ಗೊತ್ತಿತ್ತು. ದಿನಾ ದಾಟಿಕೊಂಡು ಹೋಗುವ ಮನೆಯ ಬಾಗಿಲು ಗೊತ್ತಿರುವಂತೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಊಟದ ಚಾಕುವಿನ ಮೊಂಡು ಬದಿಯಿಂದ ಮೆಲ್ಲಗೆ ಬಿಡಿಸಿದರು.

ಎರಡು ದ್ವೀಪಗಳಿದ್ದವು. ಮೇಲಿನದರ ಕೆಳತುದಿಯಲ್ಲಿ ವೆಲ್ಲಿಂಗ್ಟನ್. ಉತ್ತರ ದ್ವೀಪ. ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಪುಟ್ಟ ಸೊನ್ನೆ. ಆ ಸೊನ್ನೆಯಿಂದ ಒಂದು ಗೆರೆ ಬಲಗಡೆಯ ನೀಲಿ ಸಮುದ್ರಕ್ಕೆ ಓಡಿತ್ತು. ಗೆರೆಯ ತುದಿಯಲ್ಲಿ, ಬಾಲ ಉದ್ದ ಎಳೆಯುವ ಫ್ರೌಕೆಯ ಅಕ್ಷರದಲ್ಲಿ ಒಂದೇ ಮಾತು: 'ಇಲ್ಲಿ'.

ಮೇಷ್ಟ್ರು ಆ ಮಾತಿನ ಮೇಲೆ ಬೆರಳಿಟ್ಟರು. ನಲವತ್ತೊಂಬತ್ತು ವರ್ಷ. ಈ ಪುಸ್ತಕ ಅವರ ಹಾಸಿಗೆಯ ಪಕ್ಕದಲ್ಲೇ ಇತ್ತು.

"ಏನಂತೆ?" ಯಾರೋ ಕೇಳಿದರು.

ಅವರು ಎದ್ದು ನಿಂತರು. ಎದ್ದಾಗ ಮೇಷ್ಟ್ರಾಗಿಬಿಡುವುದು ಅವರಿಗೆ ಅಭ್ಯಾಸ. ಬೆನ್ನು ತಾನೇ ನೆಟ್ಟಗಾಯಿತು. "ಮಾರ್ಲೂಸ್ ಹೇಳಿದ್ದು ಸರಿ," ಎಂದರು. "ಗೋಡೆ ಮೇಲಿರೋದು ತಪ್ಪು. ಬರೆದವನು ನಾನು. ನೀವೆಲ್ಲ ತಪ್ಪು ಕಲಿತಿದ್ದು ನನ್ನಿಂದ."

ಒಲೆಯ ಮೇಲೆ ಸೂಪಿನ ಪಾತ್ರೆ ಕುದಿಯುವ ಸದ್ದು ಕೇಳಿಸಿತು.

"ಇನ್ನೊಂದು ಮಾತಿದೆ. ರೆನ್ಸ್ಕೆ, ಆವತ್ತು ನಿನ್ನ ಹಾಳೆ ಮೇಲೆ ಪೆನ್ಸಿಲ್ ಇಟ್ಟು ನೋಡಿದ್ದರೆ ನನ್ನ ಚುಕ್ಕೆ, ನಿನ್ನ ಚುಕ್ಕೆ ಎರಡೂ ಅದರ ಅಡಿಗೇ ಬರ್ತಿದ್ದವು. ಎಲ್ಲರಿಗೂ ಇಟ್ಟು ನೋಡ್ತಿದ್ದೆ. ನಿನಗೆ ಇಡಲಿಲ್ಲ. ನನ್ನ ನಕ್ಷೆ ಸರಿ ಅಂತಲೇ ಇಟ್ಟುಕೊಂಡರೂ ನಿನಗೆ ಆ ಅಂಕ ಸಿಗಬೇಕಿತ್ತು. ಅದು ತಿಳಿಯದೆ ಆದ ತಪ್ಪಲ್ಲ. ಬೇಕಂತಲೇ ಮಾಡಿದ್ದು."

ಯಾಕೆ ಎಂದು ಯಾರಾದರೂ ಕೇಳುತ್ತಾರೆ, ಕೇಳಿದರೆ ಹೇಳಿಬಿಡುವುದೇ ಎಂದು ಮೇಜಿನ ಅಂಚು ಹಿಡಿದು ಕಾದರು. ಬೈದರೂ ಸರಿ, ಕೇಳಲಿ.

ರೂಲ್ಫ್ ತಲೆ ಕೆರೆದುಕೊಂಡ. "ಅಂದ್ರೆ ಮೇಷ್ಟ್ರೇ, ನಾನು ಇಷ್ಟು ವರ್ಷ ದಡ್ಡ ಆಗಿದ್ದು ನನ್ನ ತಪ್ಪಲ್ಲ ಅಂತಾಯ್ತು?"

ಅಷ್ಟೇ ಸಾಕಾಯಿತು. ನಗು ಮಾಡು ಹಾರಿಹೋಗುವಂತೆ ಎದ್ದಿತು. "ಅದೊಂದು ಬಿಟ್ರೆ ಉಳಿದದ್ದಕ್ಕೆಲ್ಲ ನೀನೇ ಹೊಣೆ ಕಣೋ!" ಎಂದು ಯಾರೋ ಅವನ ಕಾಲೆಳೆದರು. ಇನ್ನೊಬ್ಬರು, "ಹೋಗ್ಲಿ ಬಿಡಿ ಮೇಷ್ಟ್ರೇ, ಎರಡು ದ್ವೀಪ ಅದಲುಬದಲಾದ್ರೆ ನಮ್ಮ ಆಲೂಗಡ್ಡೆಗೇನು ನಷ್ಟ!" ಎಂದರು. ಚಪ್ಪಾಳೆ ಬಿತ್ತು. ರೂಲ್ಫ್ ಬಂದು ಅವರ ಬೆನ್ನ ಮೇಲೆ ಒಂದು ಕೊಟ್ಟು ಹೋದ. ಊರು ಒಳ್ಳೆಯದು, ಯಾರಿಗೂ ನೋವಾಗದ ತಪ್ಪನ್ನು ಚಪ್ಪಾಳೆ ತಟ್ಟಿ ಹೊಟ್ಟೆಗೆ ಹಾಕಿಕೊಂಡಿತು. ಅವರು ಒಪ್ಪಿಕೊಂಡ ಇನ್ನೊಂದು ತಪ್ಪು ಯಾರ ಕಿವಿಗೂ ಬೀಳಲಿಲ್ಲ. ಮೇಷ್ಟ್ರು ಕೂತರು. ಸೂಪಿನ ಮೇಲೆ ಕೆನೆ ಕಟ್ಟಿತ್ತು.

ಜನ ಎದ್ದು ಬಕೆಟ್ಟಿನಿಂದ ಫೋನು ಹುಡುಕಿಕೊಳ್ಳುವ ಗದ್ದಲದಲ್ಲಿ ರೆನ್ಸ್ಕೆ ಅವರ ಮೇಜಿಗೆ ಬಂದಳು. ಕೂರಲು ಇನ್ನೊಂದು ಕುರ್ಚಿ ಇರಲಿಲ್ಲ, ನಿಂತೇ ಇದ್ದಳು. ನಲವತ್ತಮೂರರ ಹೆಂಗಸು, ಹುಬ್ಬು ಮಾತ್ರ ಅತ್ತೆಯ ಹುಬ್ಬು. ಅದನ್ನು ಮೇಷ್ಟ್ರು ಅವಳು ಒಂದನೇ ತರಗತಿಗೆ ಬಂದ ದಿನವೇ ನೋಡಿದ್ದರು.

"ಆವತ್ತು ಮನೆಗೆ ಹೋಗಿ ಅತ್ತೆಗೆ ಕಾಗದ ಬರೆದಿದ್ದೆ ಮೇಷ್ಟ್ರೇ. ನಿಮ್ಮ ಮೇಲೆ ಚಾಡಿ. ಎರಡು ಪುಟ."

"ಬರೀಬೇಕಾದ್ದೇ."

"ಅತ್ತೆ ನನ್ನ ಪರ ಮಾತಾಡ್ತಾರೆ ಅಂದ್ಕೊಂಡಿದ್ದೆ. ಅವರು ಏನ್ ಬರೆದ್ರು ಗೊತ್ತಾ? ಮೇಷ್ಟ್ರ ಹತ್ರ ವಾದ ಮಾಡಬೇಡ, ಅವರು ಆ ಪುಟ ಇನ್ನೂ ನೋಡಿಲ್ಲ, ಯಾವತ್ತಾದ್ರೂ ನೋಡ್ತಾರೆ ಅಂತ." ರೆನ್ಸ್ಕೆ ಸ್ವಲ್ಪ ನಕ್ಕಳು. "ಆಮೇಲೆ ಪ್ರತಿ ಕ್ರಿಸ್‌ಮಸ್ ಕಾಗದದಲ್ಲೂ ಕೊನೇ ಸಾಲು ಅದೇ. ಮೇಷ್ಟ್ರು ಚುಕ್ಕೆ ಸರಿ ಮಾಡಿದ್ರಾ ಅಂತ. ನಾನು ಇಲ್ಲ ಅಂತ ಬರೀತಿದ್ದೆ. ಏನೋ ತಮಾಷೆ ಅಂದ್ಕೊಂಡಿದ್ದೆ."

ಮೇಷ್ಟ್ರ ಅಂಗೈ ಪುಸ್ತಕದ ಮೇಲಿತ್ತು. "ಈಗ?" ಎಂದರು. "ಈಗ ಹೇಗಿದಾಳೆ?"

ರೆನ್ಸ್ಕೆ ಅವರನ್ನು ನೋಡಿದಳು. ಏನೋ ಅರ್ಥವಾಗತೊಡಗಿತ್ತು ಅವಳಿಗೆ. ದನಿ ತಗ್ಗಿತು. "ಅತ್ತೆ ಹೋಗಿ ಎರಡು ವರ್ಷ ಆಯ್ತು ಮೇಷ್ಟ್ರೇ. ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರು ಹೇಳುತ್ತಾರೆ? ಹೇಳಬೇಕಾದವರ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಇರದಂತೆ ನೋಡಿಕೊಂಡವರು ಅವರೇ.

"ಒಬ್ಬಳೇ ಇದ್ದಳಾ?"

"ಇಲ್ಲ. ಗಂಡ ಇದ್ರು, ಒಳ್ಳೇ ಮನುಷ್ಯ. ಇಬ್ಬರು ಗಂಡುಮಕ್ಕಳು." ಅವಳು ತಡೆದು, "ಚೆನ್ನಾಗೇ ಇದ್ರು," ಎಂದಳು.

"ಒಳ್ಳೇದಾಯ್ತು," ಎಂದರು ಮೇಷ್ಟ್ರು. ಮನಸಾರೆ ಹೇಳಿದರು. ಅವಳು ಸುಖವಾಗಿರಲಿ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದರು. ಆದರೂ ಒಂದು ಕಿಟಕಿಯಲ್ಲಿ ಅವಳು ಒಬ್ಬಳೇ ಕೂತು ಹಡಗು ನೋಡುತ್ತಿರುವಂತೆಯೇ ಕಲ್ಪಿಸಿಕೊಳ್ಳುತ್ತಿದ್ದರು. ಒಬ್ಬರೇ ಕೂತಿದ್ದದ್ದು ತಾವು.

ಏಳನೇ ಮೇಜಿನಿಂದ ಗಂಡ ಕೂಗಿದ: "ರೆನ್ಸ್ಕೆ, ಬಾರೇ, ಸಾಸೇಜಿನ ಜೊತೆ ಫೋಟೋ ತೆಗೀತಾರಂತೆ!"

"ಬಂದೆ ಇರ್ರಿ!" ಎಂದು ಕೂಗಿ ಅವಳು ಮೇಷ್ಟ್ರ ಕಡೆ ಬಾಗಿದಳು. "ಆ ಅಂಕ ಇನ್ನೂ ಬಾಕಿ ಇದೆ. ಕೊಡಲ್ವಾ?"

"ಇಪ್ಪತ್ತಕ್ಕೆ ಇಪ್ಪತ್ತು," ಎಂದರು ಮೇಷ್ಟ್ರು.

"ಬನ್ನಿ ಹಾಗಾದ್ರೆ. ನಮ್ಮ ಮೇಜಿಗೆ ಬನ್ನಿ. ಆಟ ಮುಗೀತಲ್ಲ, ಇನ್ನು ಯಾರೂ ತಕರಾರು ಮಾಡಲ್ಲ. ಬಿಸಿ ಸೂಪು ಹಾಕ್ಸಿಡ್ತೀನಿ."

ಅವಳು ಹೋದಳು. ಅಲ್ಲಿ ಅವಳ ಗಂಡ ಪಕ್ಕಕ್ಕೆ ಸರಿದು ಒಂದು ಕುರ್ಚಿ ಎಳೆದಿಟ್ಟದ್ದು ಮೇಷ್ಟ್ರಿಗೆ ಕಾಣಿಸಿತು. ಯಾರೋ ಅದರ ಮುಂದೆ ಹೊಸ ಬಟ್ಟಲು ಇಟ್ಟರು. ಬಟ್ಟಲಿನಿಂದ ಹಬೆ ಏಳುತ್ತಿತ್ತು. ಎಂಟು ವರ್ಷ ಇದನ್ನೇ ಅಲ್ಲವೇ ಆಸೆಪಟ್ಟದ್ದು? ಅವರು ಏಳಬೇಕೆಂದುಕೊಂಡರು. ಕೈ ಊರಿದರು. ರೆನ್ಸ್ಕೆ ದೂರದಿಂದ ಕರೆಯುವಂತೆ ಚಮಚ ಎತ್ತಿ ತೋರಿಸಿದಳು. ಅವರು ಒಂದು ನಿಮಿಷ ಎಂದು ಬೆರಳೆತ್ತಿದರು.

ಆಮೇಲೆ ಪೆನ್ಸಿಲನ್ನು ತೆಗೆದುಕೊಂಡು, ಮೂವತ್ತೇಳು ವರ್ಷ ಮಾಡಿದಂತೆಯೇ, ಪುಟದ ಮೇಲೆ ಮೆಲ್ಲಗೆ ಮಲಗಿಸಿದರು. ಮೇಲಿನ ದ್ವೀಪದ ತುದಿ, ಕೆಳಗಿನ ದ್ವೀಪದ ನೆತ್ತಿ, ನಡುವಿನ ನೀರು, ಆ ಪುಟ್ಟ ಸೊನ್ನೆ ಎಲ್ಲವೂ ಅದರ ಅಡಿಗೆ ಬಂದವು. 'ಇಲ್ಲಿ' ಎಂಬುದೊಂದು ಹೊರಗೆ ಉಳಿಯಿತು.